ಗೇಟಿನ ಅಕ್ಕಪಕ್ಕದ ಗುಂಡು ಗಿಡಗಳು

ನಮ್ಮ ಶಿವಮೊಗ್ಗದ ಕೋಟೆ ಕಡೆ ಈಚೆಗೆ ಮನೆ ಕಟ್ಟಿಸಿದವರೆಲ್ಲ ಗೇಟಿನ ಆಚೆಗೊಂದು ಈಚೆಗೊಂದು ಗುಂಡು ಗಿಡ ಇಟ್ಟೇ ಇಡುತ್ತಾರೆ, ಗಮನಿಸಿದ್ದೀರಲ್ವಾ? ಬೋಳು ಕಾಂಡ, ತುದಿಯಲ್ಲಿ ಕತ್ತರಿಸಿ ಉರುಟು ಮಾಡಿದ ಸೊಪ್ಪಿನ ಚೆಂಡು. ನರ್ಸರಿಯವರು ಲಾಲಿಪಾಪ್ ಫೈಕಸ್ ಅನ್ನುತ್ತಾರೆ. ಗೃಹಪ್ರವೇಶದ ದಿನ ಮಾವಿನ ತೋರಣದ ಕೆಳಗೆ ಎರಡೂ ಮಿರಮಿರ ಮಿಂಚುತ್ತಿರುತ್ತವೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಹೊರಟವರು ಒಂದು ಸಲ ಎಲೆ ಮುಟ್ಟಿ, ಇದು ನಿಜದ್ದೋ ಪ್ಲಾಸ್ಟಿಕ್ಕೋ ಅಂತ ಪರೀಕ್ಷೆ ಮಾಡಿಯೇ ಹೋಗುತ್ತಾರೆ. ಅದೇ ಗಿಡ ಮುಂದಿನ ಯುಗಾದಿ ಹೊತ್ತಿಗೆ ನೋಡಿ. ಒಂದು ಹೇಗೋ ಇರುತ್ತದೆ, ಇನ್ನೊಂದು ಹಳದಿ ತಿರುಗಿ ಅರ್ಧ ತಲೆ ಬೋಳಾಗಿ ನಿಂತಿರುತ್ತದೆ.

ಜೋಡಿಯಲ್ಲಿ ಒಂದೇ ಸೊರಗುವುದು ಏನು ವಿಚಿತ್ರ ಅಲ್ವಾ? ವಾಸ್ತು ಅನ್ನುವವರೂ ಇದ್ದಾರೆ, ದೃಷ್ಟಿ ಅನ್ನುವವರೂ ಇದ್ದಾರೆ. ಪಾಪ, ದೃಷ್ಟಿ ತಾಕದಿರಲಿ ಅಂತಲೇ ಒಂದು ಬೂದುಗುಂಬಳ ಬೇರೆ ಮೇಲೆ ನೇತಾಡುತ್ತಿರುತ್ತದೆ. ವಿಷಯ ಅಷ್ಟು ದೂರದ್ದಲ್ಲ. ಗೇಟಿನ ಎರಡು ಕಂಬಕ್ಕೂ ಒಂದೇ ಬಿಸಿಲು ಬೀಳುವುದಿಲ್ಲ. ಒಂದು ಕಡೆ ಕಾಂಪೌಂಡಿನ ನೆರಳು, ಇನ್ನೊಂದು ಕಡೆ ಮಧ್ಯಾಹ್ನದ ಬಿಸಿಲು ಟೈಲ್ಸಿಗೆ ಬಡಿದು ಕುಂಡಕ್ಕೇ ಹೊಡೆಯುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡವಾದರಂತೂ ಏಪ್ರಿಲ್ ತಿಂಗಳಲ್ಲಿ ಹೊರಮೈ ಮುಟ್ಟಿದರೆ ಕೈ ಹಿಂದಕ್ಕೆಳೆಯಬೇಕು. ಒಳಗೆ ಆ ಗೋಡೆಗೆ ಅಂಟಿಕೊಂಡಿರುವುದೇ ಎಳೆ ಬೇರು. ಆದರೆ ನೀರು ಹಾಕುವವರು ಎರಡಕ್ಕೂ ಅಳೆದು ಒಂದೊಂದೇ ಚೊಂಬು ಹಾಕುತ್ತಾರೆ. ಮಕ್ಕಳಲ್ಲಿ ಭೇದ ಮಾಡಬಾರದಲ್ವಾ!

ನಮ್ಮ ಪಕ್ಕದ ಮನೆ ಮೇಷ್ಟ್ರ ಫೈಕಸ್ಸಿಗೂ ಈ ಬೇಸಿಗೆಯಲ್ಲಿ ಇದೇ ಕಥೆ. ಎಲೆ ಉದುರಲು ಶುರುವಾಯಿತು, ಮೇಷ್ಟ್ರು ನೀರು ಹೆಚ್ಚಿಸಿದರು. ಇನ್ನಷ್ಟು ಉದುರಿತು, ಗೊಬ್ಬರ ಹಾಕಿದರು. ಅದಕ್ಕೂ ಜಗ್ಗಲಿಲ್ಲ ಅಂತ ಎತ್ತಿ ವರಾಂಡದ ಮೂಲೆಗಿಟ್ಟರು, ಉಳಿದದ್ದೂ ಉದುರಿತು. ಫೈಕಸ್ ಬೆಂಜಮಿನ ಅನ್ನುವ ಈ ಗಿಡಕ್ಕೆ ಜಾಗ ಬದಲಾದರೆ ಆಗಿಬರುವುದಿಲ್ಲ ನೋಡಿ. ಬೆಳಕು ದಿಢೀರನೆ ಕಡಿಮೆಯಾದರೆ, ಆ ಹಳೇ ಬೆಳಕಿಗೆ ಹೊಂದಿಕೊಂಡು ಬಂದ ಎಲೆಗಳನ್ನು ಕೊಡವಿಕೊಂಡು ಹೊಸ ಬೆಳಕಿಗೆ ತಕ್ಕ ಎಲೆ ಬಿಡುತ್ತದೆ. ಅದು ಸಾವಲ್ಲ, ಲೆಕ್ಕಾಚಾರ. ಆದರೆ ನೋಡುವವರಿಗೆ ಹೊಟ್ಟೆ ಚುರುಕ್ ಅನ್ನದೆ ಇರುತ್ತದೆಯೇ? ಸೊಪ್ಪು ಉದುರಿದೆ ಅಂತ ನಾವು ತಲೆಯನ್ನೇ ನೋಡುತ್ತೇವೆ. ರೋಗ ಇರುವುದು ಕುಂಡದೊಳಗೆ. ಹತ್ತಕ್ಕೆ ಎಂಟು ಸಲ ಅಂತ ಬೇಕಾದರೂ ಹೇಳುತ್ತೇನೆ.

ಈ ಗಿಡಗಳು ಎಲ್ಲಿಂದ ಬರುತ್ತವೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ನಮ್ಮ ಶಿವಮೊಗ್ಗ, ಭದ್ರಾವತಿಯ ನರ್ಸರಿಗಳಲ್ಲಿ ಸಾಲಾಗಿ ನಿಂತ ಗುಂಡು ಗಿಡ, ಜಡೆ ಗಿಡ, ಮೂರು ಅಂತಸ್ತಿನ ಗಿಡಗಳಲ್ಲಿ ಎಷ್ಟೋ ಬರುವುದು ಆಂಧ್ರದ ಕಡಿಯಂನಿಂದ. ರಾಜಮಹೇಂದ್ರವರದ ಹತ್ತಿರ ಗೋದಾವರಿ ಬಯಲಿನಲ್ಲಿ ಊರಿಗೆ ಊರೇ ನರ್ಸರಿ. ಅಲ್ಲಿ ನೆಲದಲ್ಲಿ ಬೆಳೆಸಿ, ಬೇರು ಕಡಿದು ಎತ್ತಿ, ಜಿಗುಟು ಮಣ್ಣಿನ ಉಂಡೆ ಕಟ್ಟಿ ಲಾರಿ ಹತ್ತಿಸುತ್ತಾರೆ. ದೂರ ಪ್ರಯಾಣಕ್ಕೆ ಆ ಉಂಡೆಯೇ ಬುತ್ತಿ, ಅದರಲ್ಲಿ ತಪ್ಪೇನಿಲ್ಲ. ನಾವು ಇಲ್ಲಿ ತಂದು ಆ ಉಂಡೆಯನ್ನು ಹಾಗೇ ಕುಂಡದೊಳಗೆ ಕೂರಿಸಿ, ಸುತ್ತ ನಮ್ಮ ಕೆಂಪು ಮಣ್ಣು, ಕೋಕೋಪೀಟು ತುಂಬಿ ಅರಿಶಿನ ಕುಂಕುಮ ಹಚ್ಚಿಬಿಡುತ್ತೇವೆ. ಅಲ್ಲಿಗೆ ಒಂದೇ ಕುಂಡದಲ್ಲಿ ಎರಡು ಊರಿನ ಮಣ್ಣು. ನೀರು ಹಾಕಿದರೆ ಸಡಿಲ ಮಣ್ಣು ಕುಡಿಯುತ್ತದೆ, ಉಂಡೆ ಬಾಯಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಒಮ್ಮೆ ಉಂಡೆ ಒಣಗಿ ಗಟ್ಟಿಯಾಯಿತೆಂದರೆ, ಮೇಲೆ ಹಾಕಿದ ನೀರು ಉಂಡೆಯ ಪಕ್ಕದಿಂದ ಜಾರಿ ತಳದ ತೂತಿನಲ್ಲಿ ಆಚೆ. ತಟ್ಟೆಗೆ ನೀರು ಬಂತು, ಸಾಕಷ್ಟು ಕುಡಿದಿದೆ ಅಂತ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಮಳೆಗಾಲದಲ್ಲಿ ಉಲ್ಟಾ. ಒಮ್ಮೆ ನೆನೆದ ಉಂಡೆ ವಾರಗಟ್ಟಲೆ ಆರುವುದಿಲ್ಲ, ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಎರಡಕ್ಕೂ ಮೇಲೆ ಕಾಣುವ ಲಕ್ಷಣ ಒಂದೇ, ಹಳದಿ ಎಲೆ. ಮೇಷ್ಟ್ರು ನೀರು ಹೆಚ್ಚಿಸಿದ್ದರಲ್ಲಿ ಆಶ್ಚರ್ಯ ಏನಿದೆ ಹೇಳಿ?

ಒಣಗಿದ ಉಂಡೆಗೆ ಮದ್ದು ಸುಲಭ. ದೊಡ್ಡ ಟಬ್ಬಿಗೆ ನೀರು ತುಂಬಿ ಕುಂಡವನ್ನು ಅಂಚಿನವರೆಗೆ ಇಳಿಸಿಬಿಡಿ. ಗುಳುಗುಳು ಅಂತ ಗುಳ್ಳೆ ಏಳುತ್ತವೆ. ಮೊದಲು ದೊಡ್ಡವು, ಆಮೇಲೆ ಸಾಸಿವೆ ಗಾತ್ರದವು. ಗುಳ್ಳೆ ನಿಂತ ಮೇಲೆ ಎತ್ತಿ, ನೀರೆಲ್ಲ ಬಸಿಯಲು ಬಿಡಿ. ನಮ್ಮ ಬೀದಿಯ ಮಕ್ಕಳಿಗೆ ಆ ಗುಳ್ಳೆ ನೋಡುವುದೇ ಒಂದು ಆಟ. ನೆನೆದು ಕೊಳೆತದ್ದಾದರೆ ಮೂಗಿಗೇ ಗೊತ್ತಾಗುತ್ತದೆ, ತಳದ ತೂತಿನ ಹತ್ತಿರ ಮೂಸಿದರೆ ಚರಂಡಿ ವಾಸನೆ. ಅಂಥದ್ದಕ್ಕೆ ಮೊದಲು ಕೆಳಗಿನ ತಟ್ಟೆ ತೆಗೆದುಹಾಕಬೇಕು. ತಟ್ಟೆ ಹೇಗೂ ಉಳಿಯುವುದಿಲ್ಲ ಅನ್ನಿ. ಡೆಂಗಿ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಬಂದು, ಟಾರ್ಚು ಬಿಟ್ಟು ನೋಡಿ, ಲಾರ್ವಾ ಇದೆ ಅಂತ ಚೆಲ್ಲಿಸಿಯೇ ಹೋಗುತ್ತಾರೆ. ಗಿಡದ ಪರವಾಗಿಯೂ ಅವರಿಗೊಂದು ನಮಸ್ಕಾರ ಹೇಳಬೇಕು.

ಸತ್ತಿದೆಯೋ ಬದುಕಿದೆಯೋ ಅನ್ನುವ ಅನುಮಾನಕ್ಕೆ ಉಗುರೇ ಸಾಕು. ರೆಂಬೆಯ ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ತೊಗಟೆಯನ್ನು ಮೆಲ್ಲಗೆ ಕೆರೆದು ನೋಡಿ. ಒಳಗೆ ಹಸಿರು ಕಂಡು, ಸೂಜಿಮೊನೆಯಷ್ಟು ಬಿಳಿ ಹಾಲು ಜಿನುಗಿದರೆ ಜೀವ ಇದೆ. ಕಂದು ಬಣ್ಣ ತಿರುಗಿ ಒಣಗಿದ್ದರೆ ಇನ್ನಷ್ಟು ಕೆಳಗೆ ಬನ್ನಿ. ಹಸಿರು ಸಿಕ್ಕ ಕಡೆ ನಿಂತು, ಅದರ ಮೇಲಿನದನ್ನು ಕತ್ತರಿಸಿ. ಆ ಹಾಲು ಕಣ್ಣಿಗೆ ತಾಗಿಸಿಕೊಳ್ಳಬೇಡಿ, ಉರಿಯುತ್ತದೆ. ಆಲ, ಅರಳಿ, ಅತ್ತಿಯ ಮನೆತನದ್ದೇ ಇದು, ಹಾಲು ಇಲ್ಲದೆ ಇರುತ್ತದೆಯೇ?

ಮನೆತನ ಅಂದಾಗ ಇನ್ನೊಂದು ನೆನಪಾಯಿತು. ನಮ್ಮ ಕೋಟೆಯ ಹಳೇ ಕಲ್ಲುಗೋಡೆಗಳ ಸಂದಿಯಲ್ಲಿ ಅರಳಿ ಸಸಿ ಹುಟ್ಟುತ್ತವಲ್ಲ, ಅವಕ್ಕೆ ಯಾರು ನೀರು ಹಾಕಿದರು, ಯಾರು ಹಿಂಡಿ ಹಾಕಿದರು? ಹಕ್ಕಿ ಹಣ್ಣು ತಿಂದು ಬೀಜ ಉದುರಿಸಿದ್ದಷ್ಟೇ. ಬಟ್ಟಲಿನಷ್ಟು ಮಣ್ಣೂ ಇಲ್ಲದ ಕಡೆ ಬೇರು ಕಲ್ಲನ್ನೇ ಸೀಳಿಕೊಂಡು ಹೋಗುತ್ತದೆ. ಪುರಾತತ್ವ ಇಲಾಖೆಗೆ ಅದು ತಲೆನೋವು, ಗಿಡಕ್ಕೆ ಮಾತ್ರ ಅದೇ ಸಂಭ್ರಮ. ಅದರ ದಾಯಾದಿ ಸಾವಿರಾರು ರೂಪಾಯಿ ಕೊಟ್ಟು ತಂದ ಕುಂಡದಲ್ಲಿ ಹಳದಿಯಾಗುತ್ತದೆ. ಗೋಡೆಯ ಅರಳಿಗೆ ಬೇಕಾದ ಕಡೆ ಬೇರು ಕಳಿಸುವ ಸ್ವಾತಂತ್ರ್ಯ ಇದೆ, ಕುಂಡದ ಗಿಡಕ್ಕೆ ನಾವು ಕೊಟ್ಟಷ್ಟೇ ಜಾಗ. ಹಾಗಂತ ಕುಂಡವನ್ನು ಬರೀ ಮಣ್ಣಿನ ಮೇಲೆ ಇಟ್ಟು ಮರೆತುಬಿಟ್ಟಿರೋ, ತಳದ ತೂತಿನಿಂದ ಬೇರು ಇಳಿಸಿ ಸಂಪಿನ ಗೋಡೆ ಹುಡುಕಿಕೊಂಡು ಹೋಗುತ್ತದೆ. ಆಮೇಲೆ ಕುಂಡ ಎತ್ತಲು ಹೋದರೆ ಏಳುವುದೇ ಇಲ್ಲ.

ಶಿವಪ್ಪ ನಾಯಕನ ಅರಮನೆ ಅಂಗಳಕ್ಕೆ ಹೋದಾಗೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಹೆಸರು ನಾಯಕನದ್ದಾದರೂ ಆ ದಪ್ಪ ಮರದ ಕಂಬಗಳ ಕಟ್ಟಡ ಹೈದರಾಲಿ ಕಾಲದ್ದು ಅನ್ನುತ್ತಾರೆ. 1763ರಲ್ಲಿ ನಾಯಕರ ರಾಜಧಾನಿ ಬಿದನೂರು ಹೈದರನ ಕೈಸೇರಿತು. ಅದಕ್ಕೆ ಮೂರೇ ವರ್ಷ ಮುಂಚೆ, 1760ರಲ್ಲಿ, ಬೆಂಗಳೂರಿನಲ್ಲಿ ಲಾಲ್‌ಬಾಗ್ ಶುರುಮಾಡಿದವನೂ ಅವನೇ. ಗಿಡವನ್ನು ಸಾಲು ಹಿಡಿಸಿ, ಕತ್ತರಿಸಿ, ಆಕಾರಕ್ಕೆ ತಂದು ನೋಡುವ ರುಚಿ ನಮ್ಮ ಸೀಮೆಗೆ ಅಲ್ಲಿಂದಲೇ ಹರಡಿತು ಅನ್ನಬಹುದಲ್ವಾ? ಈಗ ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಸಾಕು, ನಮ್ಮೂರಲ್ಲೂ ಅರ್ಧ ಜನ ಹೂವಿಗಿಂತ ಆ ಗುಂಡು ಗಿಡಗಳ ರೇಟನ್ನೇ ಕೇಳುತ್ತಿರುತ್ತಾರೆ.

ಆದರೆ ಒಂಟಿ ಕಾಂಡದ ಮೇಲೆ ತಲೆ ಕೂರಿಸುವ ವಿದ್ಯೆ ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ ಅನ್ನಬೇಡಿ. ಬೃಂದಾವನದ ತುಳಸಿಯನ್ನು ನೆನಪಿಸಿಕೊಳ್ಳಿ. ಕೆಳಗಿನ ಕವಲು ಚಿವುಟಿ, ತೆನೆ ಬಂದ ಕೂಡಲೇ ತೆಗೆದು ದೇವರಿಗೇರಿಸಿ, ಬೆರಳು ದಪ್ಪದ ಮರದಂಥ ಕಾಂಡದ ಮೇಲೆ ದುಂಡನೆ ಸೊಪ್ಪು ನಿಲ್ಲಿಸುತ್ತಿದ್ದರು. ತೆನೆ ಬಲಿಯಲು ಬಿಟ್ಟರೆ ಗಿಡ ಬೀಜಕ್ಕೆ ಶಕ್ತಿ ಕೊಟ್ಟು ಮುದಿಯಾಗುತ್ತದೆ ಅನ್ನುವುದು ಅವರಿಗೆ ಪುಸ್ತಕ ಓದದೇ ಗೊತ್ತಿತ್ತು. ಗುಂಡು ಗಿಡಕ್ಕೂ ಅದೇ ಚಿವುಟುವ ಕೈ ಬೇಕು. ಆರು ತಿಂಗಳಿಗೊಮ್ಮೆ ಕತ್ತರಿ ಹಿಡಿದು ಕ್ಷೌರ ಮಾಡುವುದಕ್ಕಿಂತ, ಹಾದುಹೋಗುವಾಗ ನಾಲ್ಕು ಕುಡಿ ಚಿವುಟುವುದು ಮೇಲು. ಬರೀ ಹೊರಮೈ ಕತ್ತರಿಸುತ್ತಾ ಹೋದರೆ ಚೆಂಡಿನ ಹೊರಗೆ ಹಸಿರು ತೊಗಲು, ಒಳಗೆ ಬರೀ ಕಡ್ಡಿ. ಕೈ ತೂರಿಸಿ ಒಣಕಡ್ಡಿಗಳನ್ನು ಮುರಿದು ತೆಗೆದು ಒಳಕ್ಕೆ ಬೆಳಕು ಬಿಡಬೇಕು.

ಇನ್ನು ಬೇರು ನೋಡಿ ಕುಂಡ ಬದಲಿಸಲು ಕುಂಡ ಮಲಗಿಸುವ ಕೆಲಸ. ಇದಕ್ಕೆ ಕಾಲ ಮುಖ್ಯ. ಮೃಗಶಿರಾ ಮಳೆ ಹಿಡಿಯುವ ಹೊತ್ತು, ಅಂದರೆ ಜೂನ್ ಎರಡನೇ ವಾರದ ಸುಮಾರು, ನಮ್ಮ ಕಡೆಗೆ ಪ್ರಶಸ್ತ. ಬಿಸಿಲಿನ ಕಾವು ಇಳಿದಿರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ, ಜಡಿಮಳೆ ಇನ್ನೂ ಬಂದಿರುವುದಿಲ್ಲ. ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂತ ಜನ ಛತ್ರಿ ಹಿಡಿದು ನೋಡಲು ಓಡುತ್ತಾರಲ್ಲ, ಅಂಥ ಮಳೆಯಲ್ಲಿ ಬೇರು ಬಿಚ್ಚಬಾರದು. ಆಗ ಕುಂಡವನ್ನು ಸೂರಿನ ಕೆಳಗೆ ಸರಿಸಿ ನಾವೂ ಮಂಟಪ ನೋಡಲು ಹೋಗುವುದೇ ಸರಿ.

ಮೇಷ್ಟ್ರ ಗಿಡವನ್ನೂ ಹೀಗೇ ಗೋಣಿಚೀಲದ ಮೇಲೆ ಅಡ್ಡ ಮಲಗಿಸಿದೆವು. ಕುಂಡದ ಸುತ್ತ ಅಂಗೈಯಿಂದ ತಟ್ಟಿ, ಕಾಂಡ ಹಿಡಿದು ಎಳೆಯದೆ ಕುಂಡವನ್ನೇ ಹಿಂದಕ್ಕೆ ಜಾರಿಸಬೇಕು. ಬಂತು ನೋಡಿ ಹೊರಗೆ! ಬೇರೆಲ್ಲ ಚಕ್ಕುಲಿಯಂತೆ ಸುತ್ತು ಸುತ್ತು. ನಡುವೆ ಆ ಕಡಿಯಂ ಉಂಡೆ ಇನ್ನೂ ಹಾಗೇ ಬೆಣಚುಕಲ್ಲಿನಷ್ಟು ಗಟ್ಟಿ, ಅದರ ಒಂದು ಪಕ್ಕ ಕಪ್ಪಾಗಿ ಕೊಳೆತ ಬೇರು. ಹಿಡಿದರೆ ಸಿಪ್ಪೆ ಬೆರಳಿಗೆ ಬಂದು, ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಜೀವಂತ ಬೇರು ತಿಳಿಹಳದಿ ಬಣ್ಣದ್ದು, ಬಗ್ಗಿಸಿದರೆ ಗಟ್ಟಿ. ಕೊಳೆತದ್ದನ್ನೆಲ್ಲ ಕತ್ತರಿಸಿದ ಮೇಲೆ ಸುತ್ತಿಕೊಂಡ ಹೊರಬೇರನ್ನು ಒಂದೂವರೆ ಇಂಚಿನಷ್ಟು ಸವರಿ, ಪೈಪಿನ ಸಣ್ಣ ನೀರು ಬಿಟ್ಟು ಉಂಡೆಯ ಜಿಗುಟನ್ನು ಒಂದು ಮಗ್ಗುಲಿನಿಂದ ಕರಗಿಸಿದ್ದಾಯಿತು. ಪೂರ್ತಿ ಒಂದೇ ಸಲ ತೊಳೆಯಬಾರದು. ಸೊರಗಿದ ಗಿಡಕ್ಕೆ ಅಷ್ಟು ತಡೆಯುವ ತಾಕತ್ತಿರುವುದಿಲ್ಲ, ಅರ್ಧ ಈ ವರ್ಷ, ಅರ್ಧ ಮುಂದಿನ ವರ್ಷ. ಒಟ್ಟು ಬೇರಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯುವುದೂ ಬೇಡ. ಬೇರು ಎಷ್ಟು ಹೋಯಿತೋ ತಲೆಯಲ್ಲೂ ಅಷ್ಟು ಸೊಪ್ಪು ಇಳಿಸಬೇಕು.

ಹೊಸ ಕುಂಡ ಹಳೆಯದಕ್ಕಿಂತ ಎರಡೇ ಇಂಚು ಅಗಲ ಇರಲಿ. ಗಿಡ ಬಡವಾಗಿದೆ, ದೊಡ್ಡ ಮನೆ ಕೊಡೋಣ ಅಂತ ಹಂಡೆ ತಂದರೆ, ಬೇರಿಲ್ಲದ ಕಡೆ ನೀರು ನಿಂತು ಮತ್ತೆ ಅದೇ ಕೊಳೆ. ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಜೊತೆಗೆ ಒಂದೆರಡು ಬೊಗಸೆ ಸುಟ್ಟ ಭತ್ತದ ಹೊಟ್ಟು. ಅಕ್ಕಿ ಗಿರಣಿಯ ಕಡೆ ಹೋದರೆ ಆ ಕರಿಹೊಟ್ಟು ಸಿಗುತ್ತದೆ, ಅದರಷ್ಟು ಮಣ್ಣು ಸಡಿಲ ಮಾಡುವುದು ಇನ್ನೊಂದಿಲ್ಲ. ಆಮೇಲೆ ಗೊಬ್ಬರ, ಟಾನಿಕ್ಕು, ಯೂರಿಯ ಏನೂ ಬೇಡ. ಬೇರೇ ಇಲ್ಲದವನಿಗೆ ಹಬ್ಬದೂಟ ಬಡಿಸಿ ಏನು ಪ್ರಯೋಜನ? ಹೊಸ ಕುಡಿ ಒಡೆದು ಎಲೆ ಬಲಿಯುವ ತನಕ ನೀರು, ಬೆಳಗಿನ ಎಳೆಬಿಸಿಲು, ಅಷ್ಟೇ. ನೀರು ಕೂಡ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ.

ಎಲ್ಲವೂ ಬೇರಿನ ಕಾಯಿಲೆಯಲ್ಲ ಅನ್ನಿ. ಕೆಲವು ಫೈಕಸ್ಸುಗಳಲ್ಲಿ ಕುಡಿಯ ಎಲೆಗಳು ನಡುನರದ ಉದ್ದಕ್ಕೂ ಮಡಚಿಕೊಂಡು, ಕೈಮುಗಿದು ನಿಂತಿರುತ್ತವೆ, ನೋಡಿದ್ದೀರಾ? ಮೇಲೆ ನೇರಳೆ ಚುಕ್ಕೆ ಬೇರೆ. ಅದೇ ಹೊಸ ತಳಿ, ಡಿಸೈನು ಅಂದುಕೊಂಡವರೂ ಉಂಟು. ಒಂದು ಎಲೆಯನ್ನು ಬಿಳಿ ಕಾಗದದ ಮೇಲಿಟ್ಟು ಉಗುರಿನಿಂದ ಬಿಡಿಸಿ. ಒಳಗೊಂದು ಸಂಸಾರವೇ ಇರುತ್ತದೆ. ದೊಡ್ಡವು ಕರ್ರಗೆ, ಎಳ್ಳಿಗಿಂತ ಸಣ್ಣ ಗೆರೆಯಷ್ಟು, ಬಾಲ ಮೇಲೆತ್ತಿ ಓಡುತ್ತವೆ. ಮರಿಗಳು ತಿಳಿಹಳದಿ, ಓಡಲೂ ಬಾರದೆ ತೆವಳುತ್ತವೆ. ಮೂಲೆಯಲ್ಲಿ ಬಿಳಿ ಮೊಟ್ಟೆಗಳ ರಾಶಿ. ಥ್ರಿಪ್ಸ್ ನುಸಿ ಅದು. ಎಳೆ ಎಲೆಯ ರಸ ಹೀರಿ, ಎಲೆ ತಾನಾಗಿ ಮಡಚುವಂತೆ ಮಾಡಿ, ಅದರೊಳಗೇ ಬಾಣಂತನ ನಡೆಸುತ್ತದೆ. ಮುಚ್ಚಿದ ಬಾಗಿಲಿನ ಮೇಲೆ ಬೇವಿನೆಣ್ಣೆ ಸುರಿದರೆ ಒಳಗಿನವರಿಗೆ ಏನೂ ಆಗದು. ಮಡಚಿದ ಎಲೆಯನ್ನೆಲ್ಲ ಕಿತ್ತು ಕವರಿಗೆ ಹಾಕಿ ಬಾಯಿ ಕಟ್ಟಬೇಕು. ಆಮೇಲೆ ಹೊಸ ಕುಡಿ ಬಿಚ್ಚಿಕೊಳ್ಳುವ ಹೊತ್ತಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿದರೆ ಕೆಲಸ ಆಗುತ್ತದೆ.

ಭದ್ರಾವತಿಯ ನೆಂಟರ ಮನೆಯಲ್ಲಿ ಗುಂಡಗೆ ಬೆಳೆಸಿದ ಕೇಪಳದ ಗಿಡ ಇದೆ. ಸಿಮೆಂಟ್ ಕುಂಡ, ಬೋರ್‌ವೆಲ್ ನೀರು. ಎಳೆ ಎಲೆಗಳೆಲ್ಲ ಬಿಳಿಚಿ, ನರ ಮಾತ್ರ ಹಸಿರಾಗಿ ಉಳಿದಿದ್ದವು. ಅದು ಕಬ್ಬಿಣದ ಕೊರತೆ. ಭದ್ರಾವತಿಯಲ್ಲಿ ಕಬ್ಬಿಣದ ಕೊರತೆ ಅಂದರೆ ಯಾರಾದರೂ ನಂಬುತ್ತಾರಾ ಹೇಳಿ! 1923ರಿಂದ ಕುಲುಮೆ ಉರಿದ ಊರು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು ಬರುತ್ತಿತ್ತು, ನಮ್ಮ ಮಲೆನಾಡಿನ ಕಾಡಿನ ಇದ್ದಿಲಿನಲ್ಲಿ ಅದನ್ನು ಕರಗಿಸುತ್ತಿದ್ದರು. ನೆಂಟರ ಮನೆಯ ಹಿರಿಯರು ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡು ಬಾಳಿದವರು, ರಾತ್ರಿ ಆಕಾಶ ಕೆಂಪಾಗುತ್ತಿದ್ದದ್ದನ್ನು ಈಗಲೂ ಕಣ್ಣರಳಿಸಿ ಹೇಳುತ್ತಾರೆ. ಆ ಮಾತು ಶುರುವಾದರೆ ಕಾಫಿ ಆರಿಹೋಗುತ್ತದೆ. ಇರಲಿ, ಗಿಡದ ಮಾತಿಗೆ ಬರೋಣ.

ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಆದರೆ ಸಿಮೆಂಟಿನ ಸುಣ್ಣ, ಗಡಸು ನೀರಿನ ಉಪ್ಪು ಸೇರಿ ಮಣ್ಣು ಕ್ಷಾರವಾದರೆ ಬೇರಿಗೆ ಅದು ದಕ್ಕುವುದಿಲ್ಲ. ಕೇಪಳವೋ ನಮ್ಮ ಪಶ್ಚಿಮ ಘಟ್ಟದ ಹುಳಿಮಣ್ಣಿಗೆ ಹುಟ್ಟಿದ್ದು, ಸುಣ್ಣ ಅಂದರೆ ಆಗದು. ಅಂಗಡಿಯಲ್ಲಿ ಅನ್ನಭೇದಿ ಸಿಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಬೇಕು. ಟೈಲ್ಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದೇ ಇಲ್ಲ, ಮನೆಯೊಡತಿಯ ಹತ್ತಿರ ಬೈಸಿಕೊಳ್ಳಬೇಕಾಗುತ್ತದೆ, ಹುಷಾರು. ಅದು ತಾತ್ಕಾಲಿಕ. ಶಾಶ್ವತಕ್ಕೆ ಮಣ್ಣಿನ ಕುಂಡ, ಮಳೆನೀರು. ಗಂಗಾ ಸ್ನಾನ ತುಂಗಾ ಪಾನ ಅನ್ನುವುದು ಗಿಡಕ್ಕೂ ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ. ನದಿಯ ನಲ್ಲಿ ನೀರು ಹಾಕಿದ ಕುಂಡದ ಅಂಚಿಗೆ ಆ ಬಿಳಿ ಉಪ್ಪಿನ ಗೆರೆ ಅಷ್ಟಾಗಿ ಕಟ್ಟುವುದೇ ಇಲ್ಲ.

ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಆಸರೆ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ದಾರ ಇದೆಯಲ್ಲ, ಅದನ್ನು ನರ್ಸರಿಯವರು ಕಟ್ಟುತ್ತಾರೆ, ಬಿಚ್ಚುವವರು ಯಾರೂ ಇಲ್ಲ. ಕಾಂಡ ದಪ್ಪವಾದಂತೆ ದಾರ ತೊಗಟೆಯೊಳಗೇ ಹೂತುಹೋಗಿ, ತಲೆಗೂ ಬೇರಿಗೂ ನಡುವಿನ ಅನ್ನ ನೀರಿನ ಓಡಾಟ ನಿಲ್ಲಿಸುತ್ತದೆ. ಇವತ್ತೇ ಹೋಗಿ ನೋಡಿ, ಇದ್ದರೆ ಕತ್ತರಿಸಿ, ಹಳೇ ಹತ್ತಿಬಟ್ಟೆಯ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿ. ಜಡೆ ಹೆಣೆದ ಗಿಡಗಳಲ್ಲಿ ಇನ್ನೊಂದು ಸೋಜಿಗ. ಮೂರು ಕಾಂಡದಲ್ಲಿ ಒಂದು ಸತ್ತು ಒಣಗಿದ್ದರೂ ಉಳಿದೆರಡರ ನಡುವೆ ನಿಂತೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ತಲೆಯ ಒಂದೇ ಭಾಗ ಬೋಳಾಗಿದ್ದರೆ ಉಗುರಿನಿಂದ ಮೂರನ್ನೂ ಕೆರೆದು ನೋಡಬೇಕು. ಸತ್ತದ್ದನ್ನು ಎಳೆದು ಕೀಳಬೇಡಿ, ಬುಡದಲ್ಲಿ ಗರಗಸ ಆಡಿಸಿ ತುಂಡುತುಂಡಾಗಿ ತೆಗೆಯಿರಿ. ಬಿಳಿ ಅಂಚಿನ ಫೈಕಸ್, ಚಿನ್ನದ ಬಣ್ಣದ ಡುರಾಂಟಾಗಳಲ್ಲಿ ನಡುವೆ ಪೂರ್ತಿ ಹಸಿರು ರೆಂಬೆ ಚಿಮ್ಮಿದರೆ, ಆಹಾ ಚಿಗುರಿತು ಅಂತ ಮುದ್ದು ಮಾಡಬೇಡಿ. ಹಸಿರು ಹೆಚ್ಚಿರುವುದರಿಂದ ಅದರ ಬೆಳವಣಿಗೆ ಜೋರು, ಬಿಟ್ಟರೆ ಇಡೀ ತಲೆಯನ್ನೇ ನುಂಗುತ್ತದೆ. ಬುಡಕ್ಕೇ ಕತ್ತರಿಸುವುದು.

ಮೇಷ್ಟ್ರ ಗಿಡ ಈಗ ಹೇಗಿದೆ ಅಂತ ಕೇಳುತ್ತೀರಿ. ತಲೆ ಇನ್ನೂ ಚೆಂಡಾಗಿಲ್ಲ, ಆದರೆ ಕತ್ತರಿಸಿದ ಕಡೆಯೆಲ್ಲ ಹಸಿರು ಮೊನೆ ಬಂದಿದೆ. ಕಾಂಡದ ನಡುವೆಯೂ ಎರಡು ಕುಡಿ ಒಡೆದಿದ್ದವು, ಅವನ್ನು ಚಿವುಟಬೇಕಾಯಿತು, ಇಲ್ಲದಿದ್ದರೆ ಗುಂಡು ಗಿಡ ಪೊದೆಯಾಗುತ್ತದೆ. ಹಳೆಯ ದುಂಡು ಬರಲು ಎರಡು ಮಳೆಗಾಲ ಬೇಕು. ಗಿಡ ಬೋಳಾಯಿತು ಅಂತ ಚರಂಡಿ ಪಕ್ಕಕ್ಕೆ ಎಸೆದು ಹೊಸದಕ್ಕೆ ನರ್ಸರಿಗೆ ಓಡುವವರಿಗೆ ನನ್ನದೊಂದು ಮನವಿ. ಎಸೆಯುವ ಮುಂಚೆ ಉಗುರಿನಿಂದ ಒಮ್ಮೆ ಕೆರೆದು, ಕುಂಡ ಮಲಗಿಸಿ ಬೇರು ನೋಡಿ. ಗೋಣಿಚೀಲ, ಗರಗಸ, ಕರಿಹೊಟ್ಟು ನಮ್ಮನೆಯಲ್ಲಿದೆ. ಬೇಲಿ ಆಚೆಯಿಂದ ಒಂದು ಕೂಗು ಹಾಕಿದರೆ ನಾನೇ ತರುತ್ತೇನೆ.